ಓಪನ್ ವಿಸ್ವಿಚ್ + ಎಫ್‌ಆರ್‌ಆರ್ + ರ್ಯೂ: ರೂಟಿಂಗ್ ಟೇಬಲ್ ತುಂಬಿದೆ, ಫ್ಲೋ ಟೇಬಲ್ ಖಾಲಿ

ಮೂರನೇಪದರ:

ಮೂರು ಲಿನಕ್ಸ್ ಮಷೀನ್‌ಗಳಲ್ಲಿ ಓಪನ್ ವಿಸ್ವಿಚ್ 2.17 (ಸಾಫ್ಟ್‌ವೇರ್ ಸ್ವಿಚ್) ಹಾಕಿ ತ್ರಿಕೋನದಂತೆ ಜೋಡಿಸಿದ್ದೇನೆ: ಎಸ್1, ಎಸ್2, ಎಸ್3. ಉಬುಂಟು 22.04, ಡಿಪಿಡಿಕೆ, ಅಂದರೆ ಪ್ಯಾಕೆಟ್‌ಗಳನ್ನು ಕರ್ನಲ್‌ನ ಹೊರಗೇ ಸಾಗಿಸುವ ಯೂಸರ್‌ಸ್ಪೇಸ್ ಡೇಟಾಪಾತ್. ಎಲ್ಲ ಪೋರ್ಟ್‌ಗಳೂ 10 ಗಿಗಾಬಿಟ್. ಪ್ರತಿ ಮಷೀನಿನಲ್ಲೂ ಒಂದೊಂದು ನೆಟ್‌ವರ್ಕ್ ನೇಮ್‌ಸ್ಪೇಸ್ (ಪ್ರತ್ಯೇಕ ನೆಟ್‌ವರ್ಕ್ ಕೋಣೆ), ಅದರೊಳಗೆ ರೂಟಿಂಗ್ ಸಾಫ್ಟ್‌ವೇರ್ ಎಫ್‌ಆರ್‌ಆರ್ 8.1. ಪ್ರತಿ ಫಿಸಿಕಲ್ ಪೋರ್ಟ್‌ಗೂ ಜೋಡಿಯಾಗಿ ಒಂದು ವೆತ್ (ಎರಡು ತುದಿಯ ವರ್ಚುವಲ್ ಕೇಬಲ್). ಅದರ ಒಂದು ತುದಿ ಬ್ರಿಡ್ಜ್‌ನಲ್ಲಿ, ಇನ್ನೊಂದು ನೇಮ್‌ಸ್ಪೇಸ್‌ನಲ್ಲಿ. ಐಪಿ ವಿಳಾಸಗಳೆಲ್ಲ ನೇಮ್‌ಸ್ಪೇಸ್ ಕಡೆಯ ತುದಿಗಳ ಮೇಲಿವೆ.

ಸ್ವಿಚ್‌ಗಳಿಗೆ ನಿಯಮ ಕೊಡುವ ಕಂಟ್ರೋಲರ್ ಬೇರೆ ಮಷೀನಿನಲ್ಲಿದೆ, ರ್ಯೂ ಎಂಬ ಪೈಥಾನ್ ಚೌಕಟ್ಟಿನ ಮೇಲೆ ಬರೆದ ಸಣ್ಣ ಆ್ಯಪ್. ಎಫ್‌ಆರ್‌ಆರ್‌ನ ಜೀಬ್ರಾ ಎಂಬ ಭಾಗ ಎಫ್‌ಪಿಎಂ (ರೂಟ್‌ಗಳನ್ನು ಹೊರಗೆ ತಿಳಿಸುವ ಸಂಪರ್ಕ) ಮೂಲಕ 2620 ಪೋರ್ಟ್‌ಗೆ ರೂಟ್ ಕಳಿಸುತ್ತದೆ, ಆ್ಯಪ್ ಅದನ್ನು ಓಪನ್‌ಫ್ಲೋ 1.3 ಫ್ಲೋ (ಸ್ವಿಚ್ ಪಾಲಿಸುವ ನಿಯಮ) ಆಗಿ ಮಾಡಿ ಸ್ವಿಚ್‌ಗೆ ಇಳಿಸಬೇಕು. ಎಸ್1 ಹಿಂದೆ 10.20.1.0/24, ಎಸ್2 ಹಿಂದೆ 10.20.2.0/24. ಒಳಗೆ ಓಎಸ್‌ಪಿಎಫ್ (ರೂಟರ್‌ಗಳು ತಮ್ಮೊಳಗೆ ದಾರಿ ಹಂಚಿಕೊಳ್ಳುವ ಪ್ರೋಟೋಕಾಲ್). ಎಸ್3ರಿಂದ ಹೊರಗಿನ ರೂಟರ್‌ಗೆ ಇಬಿಜಿಪಿ, ಅಂದರೆ ಬೇರೆ ಜಾಲದ ಜೊತೆಗಿನ ಬಿಜಿಪಿ.

ಈಗಿನ ಸ್ಥಿತಿ:

1. ಎಸ್1, ಎಸ್2 ನಡುವೆ ಓಎಸ್‌ಪಿಎಫ್ ಫುಲ್ (ಜೋಡಣೆ ಪೂರ್ತಿ) ಆಗಿದೆ. ಎಸ್3 ಜೊತೆ ಎರಡೂ ಕಡೆ ಎಕ್ಸ್‌ಸ್ಟಾರ್ಟ್‌ನಲ್ಲೇ (ಅದಕ್ಕೆ ಹಿಂದಿನ ಹಂತ) ನಿಂತಿದೆ. ಎಸ್3ರಲ್ಲಿ ಮಾತ್ರ ವೆತ್‌ಗಳ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000.

2. ಎಸ್1 ಹಿಂದಿನ ಹೋಸ್ಟ್‌ನಿಂದ ಎಸ್2 ಹಿಂದಿನ ಹೋಸ್ಟ್‌ಗೆ ಪಿಂಗ್ ಹೋಗುತ್ತದೆ. ವೇಗ ಅಳೆಯಲು ಐಪರ್ಫ್ ಹಾಕಿದರೆ 900 ಮೆಗಾಬಿಟ್ ಕೂಡ ದಾಟುವುದಿಲ್ಲ, ಒಂದು ಸಿಪಿಯು ಕೋರ್ ಪೂರ್ತಿ ತುಂಬಿಹೋಗುತ್ತದೆ.

3. ಹೊರಗಿನ ರೂಟರ್‌ಗೆ ಪಿಂಗ್ ಆಗುತ್ತದೆ, ಆದರೆ ಬಿಜಿಪಿ ಕನೆಕ್ಟ್, ಆ್ಯಕ್ಟಿವ್ ಇವೆರಡರ ನಡುವೆಯೇ ಓಡಾಡುತ್ತಿದೆ.

4. ಕೇಬಲ್ ಕಿತ್ತರೆ ನೆರೆಯ ರೂಟರ್ ಬಿದ್ದದ್ದು ಎಫ್‌ಆರ್‌ಆರ್‌ಗೆ ಗೊತ್ತಾಗಲು 40 ಸೆಕೆಂಡ್ ಬೇಕು.

ಎಫ್‌ಆರ್‌ಆರ್‌ನ ಕಮಾಂಡ್ ಶೆಲ್ ವಿಟಿವೈಎಸ್‌ಎಚ್‌ನಲ್ಲಿ "ಶೋ ಐಪಿ ರೂಟ್" ಸರಿಯಾಗಿಯೇ ಕಾಣುತ್ತಿದೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

———

ತಂತಿಗಾರ:

ಎರಡನೆಯದರಿಂದ ಶುರು ಮಾಡಿ, ಅದೇ ದೊಡ್ಡ ಸುಳಿವು. ನಿಮ್ಮ ಪ್ಯಾಕೆಟ್‌ಗಳು ಫ್ಲೋ ಟೇಬಲ್ ಮೂಲಕ ಹೋಗುತ್ತಿಲ್ಲ. ಡಿಪಿಡಿಕೆ ಪೋರ್ಟ್‌ನಿಂದ ವೆತ್‌ಗೆ ಹೋಗಿ, ನೇಮ್‌ಸ್ಪೇಸ್ ಒಳಗೆ ಲಿನಕ್ಸ್ ಕರ್ನಲ್ ಅವನ್ನು ರೂಟ್ ಮಾಡಿ, ಇನ್ನೊಂದು ವೆತ್‌ನಿಂದ ವಾಪಸ್ ಬರುತ್ತಿವೆ. ಯೂಸರ್‌ಸ್ಪೇಸ್ ಡೇಟಾಪಾತ್ ವೆತ್ ಅನ್ನು ಎಎಫ್-ಪ್ಯಾಕೆಟ್ ಸಾಕೆಟ್ (ಕರ್ನಲ್ ದಾಟಿ ಬರುವ ನಿಧಾನದ ದಾರಿ) ಮೂಲಕ ಓದುವುದರಿಂದ ವೇಗ ಅಷ್ಟಕ್ಕೇ ನಿಲ್ಲುತ್ತದೆ. ಎಸ್1ರಲ್ಲಿ ಡಂಪ್-ಫ್ಲೋಸ್ ಕೊಟ್ಟು ನೋಡಿ (ಬ್ರಿಡ್ಜ್ ಅನ್ನು ಓಪನ್‌ಫ್ಲೋ 1.3ಕ್ಕೆ ಮಾತ್ರ ಸೀಮಿತ ಮಾಡಿದ್ದರೆ ಒಎಫ್‌ಸಿಟಿಎಲ್ ಕಮಾಂಡ್‌ಗೂ 1.3 ಎಂದು ಹೇಳಿ, ಇಲ್ಲದಿದ್ದರೆ ಆವೃತ್ತಿ ಹೊಂದುತ್ತಿಲ್ಲ ಎಂದು ಬೈಯಬಹುದು). ಅಲ್ಲಿ ಹೀಗೊಂದು ಸಾಲು ಇರಬೇಕಿತ್ತು:

ಪ್ರಯಾರಿಟಿ 1024, ಐಪಿ, ಗಮ್ಯ 10.20.2.0/24, ಕ್ರಿಯೆ: ಮೂಲ ಮ್ಯಾಕ್ 02:00:00:00:01:02 ಮಾಡು, ಗಮ್ಯ ಮ್ಯಾಕ್ 02:00:00:00:02:01 ಮಾಡು, ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆ) ಇಳಿಸು, ಪೋರ್ಟ್ 2ಕ್ಕೆ ಕಳಿಸು.

ಆ ಸಾಲೇ ಇರುವುದಿಲ್ಲ ಎಂದುಕೊಂಡಿದ್ದೇನೆ. ಕಾರಣ ಎಫ್‌ಪಿಎಂ. 8.1ರಲ್ಲಿ ನೀವು ಜೀಬ್ರಾಗೆ ಡಿಪ್ಲೇನ್-ಎಫ್‌ಪಿಎಂ-ಎನ್‌ಎಲ್ ಮಾಡ್ಯೂಲ್ ಹಾಕಿದ್ದರೆ, ಅದು ನೆಕ್ಸ್ಟ್-ಹಾಪ್ (ಮುಂದಿನ ರೂಟರ್) ಗ್ರೂಪ್‌ಗಳನ್ನು ಬೇರೆ ಸಂದೇಶವಾಗಿ ಕಳಿಸುತ್ತದೆ. ರೂಟ್ ಸಂದೇಶದೊಳಗೆ ಗೇಟ್‌ವೇ ವಿಳಾಸ ಇರುವುದಿಲ್ಲ, ಬರೀ ಗ್ರೂಪ್ ಸಂಖ್ಯೆ ಇರುತ್ತದೆ. ಹಳೆಯ ಉದಾಹರಣೆಗಳನ್ನು ನೋಡಿ ಬರೆದ ಆ್ಯಪ್ ಗೇಟ್‌ವೇ ಹುಡುಕುತ್ತದೆ, ಸಿಗದಿದ್ದಾಗ ಸುಮ್ಮನೆ ಕೈಬಿಡುತ್ತದೆ. ಎಫ್‌ಆರ್‌ಆರ್ ಕಾನ್ಫಿಗ್‌ನಲ್ಲಿ "ನೋ ಎಫ್‌ಪಿಎಂ ಯೂಸ್-ನೆಕ್ಸ್ಟ್-ಹಾಪ್-ಗ್ರೂಪ್ಸ್" ಹಾಕಿ. ಆಮೇಲೆ ಗೇಟ್‌ವೇ ರೂಟ್ ಸಂದೇಶದೊಳಗೇ ಬರುತ್ತದೆ. ಮುಂದೆ ಇಸಿಎಂಪಿ (ಸಮಾನ ದಾರಿಗಳಲ್ಲಿ ಸಂಚಾರ ಹಂಚುವುದು) ಬೇಕಾದಾಗ ಗ್ರೂಪ್ ಸಂದೇಶಗಳನ್ನೇ ಓದಿ ಓಪನ್‌ಫ್ಲೋ ಸೆಲೆಕ್ಟ್ ಗ್ರೂಪ್ ಮಾಡುವುದು ಒಳ್ಳೆಯದು, ಆದರೆ ಮೊದಲು ಒಂದೇ ದಾರಿ ಸರಿಯಾಗಲಿ.

ಪಾರ್ಸರ್‌ನಲ್ಲಿ ಇನ್ನೆರಡು ಕಡೆ ಎಡವುವವರು ಬಹಳ. ಎಫ್‌ಪಿಎಂ ಹೆಡರ್ 4 ಬೈಟ್: ಆವೃತ್ತಿ 1 ಬೈಟ್, ಬಗೆ 1 ಬೈಟ್ (ಲಿನಕ್ಸ್ ಕರ್ನಲ್‌ನ ಸಂದೇಶ ರೂಪವಾದ ನೆಟ್‌ಲಿಂಕ್‌ಗೆ 1), ಉದ್ದ 2 ಬೈಟ್. ಆ ಉದ್ದದಲ್ಲಿ ಹೆಡರ್‌ನ 4 ಬೈಟೂ ಸೇರಿದೆ. ಉದ್ದ ಬಿಗ್-ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು), ಅದರ ಒಳಗಿನ ನೆಟ್‌ಲಿಂಕ್ ಮಾತ್ರ ಮಷೀನಿನ ಸ್ವಂತ ಕ್ರಮದಲ್ಲಿ, ಇಂಟೆಲ್‌ನಲ್ಲಿ ಲಿಟಲ್-ಎಂಡಿಯನ್. ಎರಡನ್ನೂ ಒಂದೇ ಎಂದುಕೊಂಡರೆ ಅರ್ಥವಿಲ್ಲದ ಸಂಖ್ಯೆಗಳು ಬರುತ್ತವೆ. ಇನ್ನೊಂದು, ಇದು ಟಿಸಿಪಿ. ಒಂದು ಸಲ ಓದಿದಾಗ ಮೂರೂವರೆ ಸಂದೇಶ ಬರಬಹುದು. ಉಳಿದ ಅರ್ಧವನ್ನು ಬಫರ್‌ನಲ್ಲಿ ಇಟ್ಟುಕೊಂಡು ಮುಂದಿನ ಓದಿಗೆ ಸೇರಿಸಬೇಕು.

ಗೇಟ್‌ವೇ ಸಿಕ್ಕಿತು ಎನ್ನೋಣ. ಅದರ ಮ್ಯಾಕ್ ಎಲ್ಲಿಂದ? ರೂಟ್ ಸಂದೇಶದಲ್ಲಿ ಮ್ಯಾಕ್ ಇರುವುದಿಲ್ಲ. ಸುಲಭದ ದಾರಿ: ಫಿಸಿಕಲ್ ಪೋರ್ಟ್‌ನಿಂದ ಬರುವ ಎಆರ್‌ಪಿಯನ್ನು (ಯಾವ ಐಪಿಗೆ ಯಾವ ಮ್ಯಾಕ್ ಎಂದು ಕೇಳಿ ಹೇಳುವ ಸಂದೇಶ) ವೆತ್‌ಗೂ ಕಳಿಸಿ, ಅದೇ ಫ್ಲೋನಲ್ಲಿ ಒಂದು ಪ್ರತಿ ಕಂಟ್ರೋಲರ್‌ಗೂ ಕಳಿಸಿ. ಉತ್ತರ ಕೊಡುವ ಕೆಲಸ ಕರ್ನಲ್‌ನದು, ಆ್ಯಪ್ ನೋಡಿ ಕಲಿತರೆ ಸಾಕು. ರೂಟ್ ಮೊದಲು ಬಂದು ಮ್ಯಾಕ್ ಆಮೇಲೆ ಬರುವುದು ಮಾಮೂಲಿ, ಹಾಗಾಗಿ ಮ್ಯಾಕ್ ಇಲ್ಲದ ರೂಟ್‌ಗಳನ್ನು ಎಸೆಯದೆ ಕಾಯುವ ಪಟ್ಟಿಯಲ್ಲಿಡಿ. ವೆತ್‌ಗಳ ಮ್ಯಾಕ್ ಅನ್ನೂ ನೀವೇ ಕೊಟ್ಟು ಗಟ್ಟಿ ಮಾಡಿ. ಬಿಟ್ಟರೆ ರೀಬೂಟ್ ಆದಾಗ ಹೊಸದು ಹುಟ್ಟಬಹುದು, ಆಗ ನೆರೆಯ ಸ್ವಿಚ್‌ನ ಫ್ಲೋಗಳು ಹಳೆಯ ಮ್ಯಾಕ್‌ಗೇ ಕಳಿಸುತ್ತಿರುತ್ತವೆ.

ಒಂದನೆಯದು ನೀವೇ ಬರೆದಿರುವ ಎಂಟಿಯು. ಓಎಸ್‌ಪಿಎಫ್‌ನ ಡೇಟಾಬೇಸ್ ವಿವರಣೆಯ ಪ್ಯಾಕೆಟ್‌ನಲ್ಲಿ ಎಂಟಿಯು ಬರೆದಿರುತ್ತದೆ. ತನ್ನದಕ್ಕಿಂತ ದೊಡ್ಡದು ಕಂಡರೆ ಕಿರಿಯ ಎಂಟಿಯು ಇರುವ ರೂಟರ್ ಆ ಪ್ಯಾಕೆಟ್ ಅನ್ನೇ ಒಪ್ಪುವುದಿಲ್ಲ. "ಐಪಿ ಓಎಸ್‌ಪಿಎಫ್ ಎಂಟಿಯು-ಇಗ್ನೋರ್" ಹಾಕಿ ಮುಂದೆ ಹೋಗಬೇಡಿ, ಇಲ್ಲಿ ಅದು ನಿಜಕ್ಕೂ ಅಪಾಯ. ಎಫ್‌ಆರ್‌ಆರ್ ನೋಡುವುದು ನೇಮ್‌ಸ್ಪೇಸ್ ಒಳಗಿನ ವೆತ್‌ನ ಎಂಟಿಯು ಮಾತ್ರ, ಡಿಪಿಡಿಕೆ ಪೋರ್ಟ್‌ನದ್ದಲ್ಲ. ಫ್ಲೋ ಮೂಲಕ ಹೋಗುವ ಪ್ಯಾಕೆಟ್ ಹೊರಪೋರ್ಟ್‌ಗಿಂತ ದೊಡ್ಡದಾದರೆ ಓಪನ್ ವಿಸ್ವಿಚ್ ಅದನ್ನು ತುಂಡು ಮಾಡುವುದಿಲ್ಲ, "ದೊಡ್ಡದಾಯಿತು" ಎಂಬ ಐಸಿಎಂಪಿಯನ್ನೂ ಕಳಿಸುವುದಿಲ್ಲ, ಬೀಳಿಸಿಬಿಡುತ್ತದೆ. ಸಣ್ಣ ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಫೈಲ್ ಕಾಪಿ ಮಾತ್ರ ಅರ್ಧದಲ್ಲಿ ನಿಲ್ಲುತ್ತದೆ. ಆದ್ದರಿಂದ ಮೂರೂ ಸ್ವಿಚ್‌ಗಳಲ್ಲಿ ಎಲ್ಲ ಪೋರ್ಟ್‌ಗಳಿಗೂ ಒಂದೇ ಎಂಟಿಯು ಇಡಿ. 9000 ಬೇಕಿದ್ದರೆ ಡಿಪಿಡಿಕೆ ಪೋರ್ಟ್‌ಗೆ ಇಂಟರ್‌ಫೇಸ್‌ನ ಎಂಟಿಯು-ರಿಕ್ವೆಸ್ಟ್‌ನಲ್ಲಿ, ವೆತ್‌ಗೆ ಎರಡೂ ತುದಿಯಲ್ಲಿ ಐಪಿ-ಲಿಂಕ್‌ನಲ್ಲಿ. ಹೊರಗಿನ ರೂಟರ್, ಹೋಸ್ಟ್‌ಗಳು 1500ರಲ್ಲಿದ್ದರೆ ನೀವೂ 1500ಕ್ಕೇ ಬನ್ನಿ.

ಮೂರನೆಯದು ಟಿಸಿಪಿ ಚೆಕ್‌ಸಮ್, ಅಂದರೆ ಪ್ಯಾಕೆಟ್ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ. ನೇಮ್‌ಸ್ಪೇಸ್‌ನ ಕರ್ನಲ್ "ಚೆಕ್‌ಸಮ್ ಅನ್ನು ಕಾರ್ಡ್ ತುಂಬುತ್ತದೆ" ಎಂದು ನಂಬಿ ಅರ್ಧಕ್ಕೆ ಬಿಟ್ಟು ವೆತ್‌ಗೆ ಹಾಕುತ್ತದೆ. ನಿಮ್ಮ ಯೂಸರ್‌ಸ್ಪೇಸ್ ಡೇಟಾಪಾತ್ ಅದನ್ನು ಹಾಗೆಯೇ ಹೊರಗೆ ಕಳಿಸುತ್ತದೆ. ಆಚೆಯ ರೂಟರ್‌ಗೆ ತಪ್ಪು ಚೆಕ್‌ಸಮ್‌ನ ಸಿನ್ (ಸಂಪರ್ಕ ಶುರು ಮಾಡುವ) ಪ್ಯಾಕೆಟ್ ಬರುತ್ತದೆ, ಅದು ಎಸೆಯುತ್ತದೆ. ಐಸಿಎಂಪಿ, ಓಎಸ್‌ಪಿಎಫ್‌ಗಳ ಚೆಕ್‌ಸಮ್ ಸಾಫ್ಟ್‌ವೇರ್‌ನಲ್ಲೇ ಆಗುವುದರಿಂದ ಅವಕ್ಕೆ ತೊಂದರೆಯಿಲ್ಲ. ಪಿಂಗ್ ಆಗಿಯೂ ಬಿಜಿಪಿ ಏಳದಿರುವುದು ಅದಕ್ಕೇ. ನೇಮ್‌ಸ್ಪೇಸ್ ಒಳಗಿನ ಪ್ರತಿ ವೆತ್‌ಗೂ ಈಥ್‌ಟೂಲ್‌ನ ದೊಡ್ಡ ಕೆ ಆಯ್ಕೆಯಲ್ಲಿ "ಟಿಎಕ್ಸ್ ಆಫ್" ಮಾಡಿ. ರೀಬೂಟ್ ಆದರೆ ಹೋಗುತ್ತದೆ, ನೇಮ್‌ಸ್ಪೇಸ್ ಕಟ್ಟುವ ಸ್ಕ್ರಿಪ್ಟ್‌ನಲ್ಲೇ ಸೇರಿಸಿ. ಪರೀಕ್ಷೆ ಮಾಡಬೇಕೆಂದರೆ ಆಚೆ ತುದಿಯಲ್ಲಿ ಟಿಸಿಪಿಡಂಪ್ ಅನ್ನು ಎರಡು ವಿ ಹಾಕಿ ಓಡಿಸಿ, ಚೆಕ್‌ಸಮ್ ತಪ್ಪು ಎಂದು ಅದೇ ಬರೆಯುತ್ತದೆ. ಈಚೆ ತುದಿಯ ಡಂಪ್ ನಂಬಬೇಡಿ, ಆಫ್‌ಲೋಡ್ ಇದ್ದಾಗ ಅಲ್ಲಿ ಸದಾ ತಪ್ಪೆಂದೇ ಕಾಣುತ್ತದೆ.

ಇನ್ನು ನೇಮ್‌ಸ್ಪೇಸ್‌ನಲ್ಲಿ ಐಪಿ-ಫಾರ್ವರ್ಡ್ (ಕರ್ನಲ್ ಪ್ಯಾಕೆಟ್ ರೂಟ್ ಮಾಡಲು ಬಿಡುವ ಸೆಟ್ಟಿಂಗ್) 0 ಮಾಡಿಬಿಡಿ. ಆಗ ಫ್ಲೋ ಇಲ್ಲದ ಪ್ಯಾಕೆಟ್ ಬಿದ್ದುಹೋಗುತ್ತದೆ, ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಈಗ ಕರ್ನಲ್ ಹಿಂಬಾಗಿಲಿನಿಂದ ಕೆಲಸ ಮಾಡಿಕೊಟ್ಟು ನಿಮ್ಮ ಆ್ಯಪ್‌ನ ತಪ್ಪನ್ನು ಮುಚ್ಚಿಡುತ್ತಿದೆ.

———

ಪ್ಯಾಕೆಟ್‌ಪಯಣ:

ತಂತಿಗಾರ ಅವರು ಹೇಳಿದ್ದರಲ್ಲಿ ಕೊನೆಯದೊಂದನ್ನು ಒಪ್ಪಲಾರೆ. ಐಪಿ-ಫಾರ್ವರ್ಡ್ 0 ಮಾಡುವುದು ಅರ್ಧ ಗಂಟೆಯ ಪರೀಕ್ಷೆಗೆ ಸರಿ, ಹಾಗೆಯೇ ಬಿಟ್ಟರೆ ಎರಡು ಕೆಲಸ ಕೆಡುತ್ತವೆ. ನೇರವಾಗಿ ಜೋಡಿಸಿದ 10.20.2.0/24ರಲ್ಲಿ ಇನ್ನೂ ಮಾತಾಡದ ಹೋಸ್ಟ್‌ಗೆ ಮೊದಲ ಪ್ಯಾಕೆಟ್ ಬಂದಾಗ ಎಆರ್‌ಪಿ ಕೇಳುವವರು ಬೇಕು. ಫಾರ್ವರ್ಡ್ ಮಾಡುವ ಕರ್ನಲ್ ತಾನೇ ಕೇಳುತ್ತದೆ. 0 ಮಾಡಿದರೆ ಕೇಳುವವರಿಲ್ಲ, ಆ ಕೆಲಸವನ್ನೂ ಆ್ಯಪ್‌ನಲ್ಲೇ ಬರೆಯಬೇಕಾಗುತ್ತದೆ. ಎರಡನೆಯದು, ಟಿಟಿಎಲ್ ಮುಗಿದ ಪ್ಯಾಕೆಟ್‌ಗೆ ಐಸಿಎಂಪಿ ಉತ್ತರ ಕೊಡುವುದೂ ಫಾರ್ವರ್ಡಿಂಗ್ ಇರುವ ಕರ್ನಲ್ಲೇ.

1 ಇರಲಿ, ಆದರೆ ಆ ದಾರಿಯನ್ನು ಕಿರಿದು ಮಾಡಿ, ಎಣಿಸಿ. ಟೇಬಲ್‌ಗಳನ್ನು ಹೀಗೆ ಕಟ್ಟಿದರೆ ಬಗೆಹರಿಯುತ್ತದೆ.

ಟೇಬಲ್ 0ರಲ್ಲಿ ವಿಂಗಡಣೆ. ಪ್ರಯಾರಿಟಿ 40000ದಲ್ಲಿ ಪ್ರತಿ ಫಿಸಿಕಲ್ ಪೋರ್ಟ್‌ಗೂ: ಎಆರ್‌ಪಿ, ಗಮ್ಯ 224.0.0.5 ಮತ್ತು 224.0.0.6 (ಓಎಸ್‌ಪಿಎಫ್‌ನ ವಿಳಾಸಗಳು), ಗಮ್ಯ ರೂಟರ್‌ನ ಸ್ವಂತ ಐಪಿಗಳು. ಇವೆಲ್ಲ ಆ ಪೋರ್ಟ್‌ನ ವೆತ್‌ಗೆ. ವೆತ್‌ನಿಂದ ಬಂದದ್ದೆಲ್ಲ ಅದರ ಫಿಸಿಕಲ್ ಪೋರ್ಟ್‌ಗೆ. ಬಿಜಿಪಿಗೆಂದು ಟಿಸಿಪಿ 179 ಬರೆಯಲು ಹೋಗಬೇಡಿ. ಗಮ್ಯ ಪೋರ್ಟ್ 179 ಮಾತ್ರ ಬರೆದರೆ ನೀವೇ ಶುರು ಮಾಡಿದ ಸೆಷನ್‌ನ ಉತ್ತರಗಳು ತಪ್ಪಿಹೋಗುತ್ತವೆ, ಅವುಗಳಲ್ಲಿ 179 ಮೂಲ ಪೋರ್ಟ್ ಆಗಿರುತ್ತದೆ. ಸ್ವಂತ ಐಪಿ ಎಂದು ಬರೆದರೆ ಬಿಜಿಪಿ, ಪಿಂಗ್, ಬಿಎಫ್‌ಡಿ (ನೆರೆಯ ರೂಟರ್ ಎದ್ದಿದೆಯೇ ಎಂದು ಬೇಗಬೇಗ ಪರೀಕ್ಷಿಸುವ ಪ್ರೋಟೋಕಾಲ್) ಎಲ್ಲ ಒಂದೇ ಫ್ಲೋನಲ್ಲಿ ಬಂತು. ಇದರ ಕೆಳಗೆ, ಪ್ರಯಾರಿಟಿ 100: ಗಮ್ಯ ಮ್ಯಾಕ್ ಆ ಪೋರ್ಟ್‌ನ ವೆತ್‌ನದ್ದೇ ಆಗಿದ್ದರೆ, ವೆತ್‌ನ ಪೋರ್ಟ್ ಸಂಖ್ಯೆಯನ್ನು ರೆಜಿಸ್ಟರ್ 0ಯಲ್ಲಿ ಬರೆದು ಟೇಬಲ್ 1ಕ್ಕೆ ಕಳಿಸು. ಮಿಕ್ಕಿದ್ದು ಬೀಳಲಿ.

ಟೇಬಲ್ 1ರಲ್ಲಿ ರೂಟ್‌ಗಳು. ಇಲ್ಲೊಂದು ಮಾತು ಮರೆಯಬಾರದು: ಅತಿ ಉದ್ದದ ಪ್ರಿಫಿಕ್ಸ್ ಗೆಲ್ಲಬೇಕೆಂಬ ನಿಯಮ ಓಪನ್‌ಫ್ಲೋಗೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಪ್ರಯಾರಿಟಿ ಮಾತ್ರ. 1000ಕ್ಕೆ ಪ್ರಿಫಿಕ್ಸ್ ಉದ್ದ ಕೂಡಿಸಿ ಪ್ರಯಾರಿಟಿ ಕೊಡಿ. ಡಿಫಾಲ್ಟ್ ರೂಟ್ 1000, /24 ಆದರೆ 1024, ಎಆರ್‌ಪಿಯಿಂದ ಕಲಿತ ಹೋಸ್ಟ್ /32 ಆದರೆ 1032. ಎಲ್ಲಕ್ಕೂ ಒಂದೇ ಪ್ರಯಾರಿಟಿ ಕೊಟ್ಟರೆ, ಒಂದಕ್ಕೊಂದು ಮೇಲೆ ಬೀಳುವ ರೂಟ್‌ಗಳಲ್ಲಿ ಯಾವುದು ಗೆಲ್ಲುತ್ತದೆಂದು ಹೇಳಲು ಬರುವುದಿಲ್ಲ. ಇವತ್ತು ಸರಿ ಕಂಡದ್ದು ನಾಳೆ ಬದಲಾಗುತ್ತದೆ. ನೇರ ಜೋಡಣೆಯ /24 ಹಾಗೂ ಕೊನೆಯ ಪ್ರಯಾರಿಟಿ 1ರ ಫ್ಲೋ ಎರಡೂ ರೆಜಿಸ್ಟರ್ 0ಯಲ್ಲಿರುವ ವೆತ್‌ಗೆ ಕಳಿಸಲಿ, ಆದರೆ ಒಂದು ಮೀಟರ್ (ವೇಗದ ಮಿತಿ) ದಾಟಿ. ಸೆಕೆಂಡಿಗೆ 1000 ಪ್ಯಾಕೆಟ್, ಮೀರಿದ್ದು ಬೀಳಲಿ. ಆ ಎರಡು ಫ್ಲೋಗಳ ಪ್ಯಾಕೆಟ್ ಎಣಿಕೆ ಏರುತ್ತಲೇ ಇದ್ದರೆ ಯಾವುದೋ ರೂಟ್ ಇಳಿದಿಲ್ಲ ಎಂದರ್ಥ. ಯಾವುದೆಂದು ತಿಳಿಯಲು ಒವಿಎಸ್ ಆ್ಯಪ್‌ಸಿಟಿಎಲ್‌ನ ಒಎಫ್‌ಪ್ರೋಟೋ/ಟ್ರೇಸ್ ಇದೆ. ಪೋರ್ಟ್, ಮ್ಯಾಕ್, ಐಪಿ ಕೊಟ್ಟರೆ ಪ್ಯಾಕೆಟ್ ಯಾವ ಟೇಬಲ್‌ನಲ್ಲಿ ಯಾವ ಸಾಲಿಗೆ ತಾಗಿತು ಎಂದು ಒಂದೊಂದಾಗಿ ಬರೆದು ತೋರಿಸುತ್ತದೆ.

ನಾಲ್ಕನೆಯ ಪ್ರಶ್ನೆ. ಕೇಬಲ್ ಕಿತ್ತಾಗ ಬೀಳುವುದು ಡಿಪಿಡಿಕೆ ಪೋರ್ಟ್. ವೆತ್‌ಗೆ ಅದರ ಅರಿವೇ ಇಲ್ಲ, ಅದು ಎದ್ದೇ ಇರುತ್ತದೆ. ಹಾಗಾಗಿ ಓಎಸ್‌ಪಿಎಫ್ ತನ್ನ ಡೆಡ್ ಇಂಟರ್ವಲ್ ಮುಗಿಯುವವರೆಗೆ, ಅಂದರೆ 40 ಸೆಕೆಂಡ್, ಕಾಯುತ್ತದೆ. ಸರಳ ಪರಿಹಾರ ಬಿಎಫ್‌ಡಿ. ಎಫ್‌ಆರ್‌ಆರ್‌ನ ಡೀಮನ್ಸ್ ಫೈಲ್‌ನಲ್ಲಿ ಬಿಎಫ್‌ಡಿಡಿ ಯೆಸ್, ಇಂಟರ್‌ಫೇಸ್ ಕೆಳಗೆ "ಐಪಿ ಓಎಸ್‌ಪಿಎಫ್ ಬಿಎಫ್‌ಡಿ". ಡಿಫಾಲ್ಟ್ 300 ಮಿಲಿಸೆಕೆಂಡ್, ಮೂರು ಸಲ ತಪ್ಪಿದರೆ ಬಿದ್ದಂತೆ, ಅಂದರೆ ಸುಮಾರು 1 ಸೆಕೆಂಡ್‌ನೊಳಗೆ ತಿಳಿಯುತ್ತದೆ. ಯುಡಿಪಿ 3784, ಮೇಲಿನ ಸ್ವಂತ ಐಪಿ ಫ್ಲೋ ಅದನ್ನೂ ಹೊತ್ತುಕೊಂಡು ಹೋಗುತ್ತದೆ. 50 ಮಿಲಿಸೆಕೆಂಡ್‌ಗೆ ಇಳಿಸುವ ಆಸೆ ಬೇಡ. ಈ ಪ್ಯಾಕೆಟ್‌ಗಳು ಎಎಫ್-ಪ್ಯಾಕೆಟ್ ದಾಟಿ ಬರಬೇಕು, ಸಿಪಿಯು ಬಿಗಿಯಾದಾಗ ಸುಮ್ಮನೆ ಲಿಂಕ್ ಬಿದ್ದೆದ್ದು ಆಡುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಫೇಲ್-ಮೋಡ್, ಅಂದರೆ ಕಂಟ್ರೋಲರ್ ತಪ್ಪಿಹೋದಾಗ ಸ್ವಿಚ್ ಏನು ಮಾಡಬೇಕೆಂಬುದು. ಮೂರೂ ಬ್ರಿಡ್ಜ್‌ಗಳಿಗೆ "ಸೆಟ್-ಫೇಲ್-ಮೋಡ್ ಸೆಕ್ಯೂರ್" ಮಾಡಿದ್ದೀರಾ? ಡಿಫಾಲ್ಟ್ ಸ್ಟ್ಯಾಂಡ್‌ಅಲೋನ್. ಕಂಟ್ರೋಲರ್‌ನಿಂದ ಸದ್ದಿಲ್ಲದೆ ಮೂರು ಪ್ರೋಬ್ ಅವಧಿ, ಅಂದರೆ ಡಿಫಾಲ್ಟ್‌ನಲ್ಲಿ 15 ಸೆಕೆಂಡ್, ಕಳೆದರೆ ಸ್ವಿಚ್ ತಾನೇ ಸಾಮಾನ್ಯ ಲರ್ನಿಂಗ್ ಸ್ವಿಚ್ ಆಗಿಬಿಡುತ್ತದೆ. ನಿಮ್ಮದು ತ್ರಿಕೋನ, ಸುತ್ತು ತಡೆಯುವ ಎಸ್‌ಟಿಪಿ ಇಲ್ಲ. ಆ ಕ್ಷಣಕ್ಕೆ ಒಂದು ಎಆರ್‌ಪಿ ಬ್ರಾಡ್‌ಕಾಸ್ಟ್ ಸಾಕು, ಸುತ್ತತೊಡಗಿ ಮೂರೂ ಲಿಂಕ್ ತುಂಬಿಹೋಗುತ್ತವೆ. ಸೆಕ್ಯೂರ್‌ನಲ್ಲಿ ಹಾಕಿದ ಫ್ಲೋಗಳು ಹಾಗೇ ಉಳಿಯುತ್ತವೆ, ಕಂಟ್ರೋಲರ್ ಇಲ್ಲದಿದ್ದರೂ ಹಳೆಯ ರೂಟ್‌ಗಳಲ್ಲಿ ಸಂಚಾರ ನಡೆಯುತ್ತದೆ.

———

ಬೇರುಬಿಳಲು:

ಆ್ಯಪ್ ಸ್ವಂತವಾಗಿ ಬರೆಯುವ ಮುನ್ನ ಬೇರೆಯವರು ನಡೆದ ದಾರಿಯನ್ನೂ ನೋಡಿಕೊಂಡರೆ ಒಳ್ಳೆಯದು. ಪೋರ್ಟ್‌ಗೊಂದು ವೆತ್ ಎಂಬ ಈ ವಿನ್ಯಾಸ ರೌಟ್‌ಫ್ಲೋದಿಂದ ಹೆಸರಾಯಿತು. ಬ್ರೆಜಿಲ್‌ನ ಕ್ಯಾಂಪಿನಾಸ್‌ನ ಸಿಪಿಕ್ಯೂಡಿ ಸಂಸ್ಥೆಯ ಕೆಲಸ ಅದು, 2010ರಲ್ಲಿ ಕ್ವಾಗ್‌ಫ್ಲೋ ಎಂಬ ಹೆಸರಿನಲ್ಲಿ ಶುರುವಾದದ್ದು. ಎಲ್‌ಎಕ್ಸ್‌ಸಿ ಕಂಟೇನರ್ ಒಳಗೆ ಕ್ವಾಗಾ (ಎಫ್‌ಆರ್‌ಆರ್ ಕವಲೊಡೆದ ಮೂಲ) ಓಡುತ್ತಿತ್ತು, ಆರ್‌ಎಫ್‌ಕ್ಲೈಂಟ್ ಅಲ್ಲಿಂದ ರೂಟ್ ಮತ್ತು ಎಆರ್‌ಪಿ ಟೇಬಲ್ ಎತ್ತಿ ಆರ್‌ಎಫ್‌ಸರ್ವರ್‌ಗೆ ಕೊಡುತ್ತಿತ್ತು, ಆರ್‌ಎಫ್‌ಪ್ರಾಕ್ಸಿ ಫ್ಲೋ ಇಳಿಸುತ್ತಿತ್ತು, ಇವುಗಳ ನಡುವಿನ ಸಂದೇಶ ಮೊಂಗೋಡಿಬಿ ಮೂಲಕ. ಈಗ ಅದನ್ನು ಓಡಿಸಲು ಹೋಗಬೇಡಿ, ಪೈಥಾನ್ 2ರ ಕಾಲದ ಕೋಡ್. ವಿನ್ಯಾಸವನ್ನು ಮಾತ್ರ ಓದಿ.

ಹೊರಗಿನವರಿಗೆ ಇಡೀ ಜಾಲ ಒಂದೇ ಎಎಸ್ (ಒಂದೇ ಆಡಳಿತದ ಜಾಲ) ಆಗಿ ಕಂಡರೆ ಸಾಕು, ಒಳಗೆ ಓಎಸ್‌ಪಿಎಫ್ ಬೇಡ ಎನ್ನುವುದಾದರೆ ಓನೋಸ್ ಎಂಬ ಕಂಟ್ರೋಲರ್‌ನ ಎಸ್‌ಡಿಎನ್-ಐಪಿ ಸರಿಹೊಂದುತ್ತದೆ. ಎಫ್‌ಆರ್‌ಆರ್ ಬಿಜಿಪಿ ಸ್ಪೀಕರ್ ಆಗಿ ಹೊರಗಿನವರ ಜೊತೆ ಮಾತಾಡುತ್ತದೆ, ಓನೋಸ್ ಜೊತೆ 2000 ಪೋರ್ಟ್‌ನಲ್ಲಿ ಐಬಿಜಿಪಿ (ಒಂದೇ ಎಎಸ್ ಒಳಗಿನ ಬಿಜಿಪಿ) ಇಟ್ಟುಕೊಳ್ಳುತ್ತದೆ. ಬಂದ ಪ್ರತಿ ಪ್ರಿಫಿಕ್ಸ್‌ಗೂ ಓನೋಸ್ ಹಲವು ಕಡೆಯಿಂದ ಒಂದು ಕಡೆಗೆ ಹೋಗುವ ಇಂಟೆಂಟ್ (ದಾರಿಯ ಕೋರಿಕೆ) ಹಾಕುತ್ತದೆ. ಫಾಸೆಟ್ ಎಂಬ ಇನ್ನೊಂದು ಕಂಟ್ರೋಲರ್‌ನಲ್ಲಿ ವಿಲ್ಯಾನ್ ನಡುವಿನ ರೂಟಿಂಗ್, ಸ್ಟ್ಯಾಟಿಕ್ ರೂಟ್, ಬಿಜಿಪಿ ಇವೆ, ಓಎಸ್‌ಪಿಎಫ್ ಇಲ್ಲ. ನಿಮಗೆ ಒಳಗೆ ಓಎಸ್‌ಪಿಎಫ್ ಬೇಕೇ ಬೇಕಿದ್ದರೆ ಈಗಿನ ನಿಮ್ಮ ದಾರಿಯೇ ಸರಿ.

ರ್ಯೂ ಬಗ್ಗೆ ಒಂದು ಎಚ್ಚರ. ಅದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ. ಅದು ಬಳಸುವ ಈವೆಂಟ್‌ಲೆಟ್ ಲೈಬ್ರರಿಯ ಹೊಸ ಆವೃತ್ತಿ ಜೊತೆ "ಆಲ್ರೆಡಿ ಹ್ಯಾಂಡಲ್ಡ್" ಎಂಬ ಹೆಸರು ಸಿಗುತ್ತಿಲ್ಲ ಎಂದು ಶುರುವಿನಲ್ಲೇ ಬೀಳುತ್ತದೆ. ಪೈಥಾನ್ 3.9ರ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಈವೆಂಟ್‌ಲೆಟ್ 0.30.2ಕ್ಕೆ ಕಟ್ಟಿಹಾಕಿದರೆ ನಡೆಯುತ್ತದೆ. ಹೊಸದಾಗಿ ಬರೆಯುವುದಾದರೆ ಓಪನ್‌ಸ್ಟ್ಯಾಕ್‌ನವರು ಅದರಿಂದಲೇ ಕವಲು ಮಾಡಿಕೊಂಡಿರುವ ಒಎಸ್-ಕೆನ್ ನೋಡಿ, ಕೋಡ್ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ.

ಮತ್ತೆ, ಇದೇ ಆ್ಯಪ್ ಅನ್ನು ಮುಂದೆ ಹಾರ್ಡ್‌ವೇರ್ ಓಪನ್‌ಫ್ಲೋ ಸ್ವಿಚ್‌ಗೆ ಒಯ್ಯುವ ಯೋಚನೆ ಇದ್ದರೆ, ಹೊರಗಿನ ರೂಟರ್‌ನಿಂದ ಪೂರ್ತಿ ಇಂಟರ್ನೆಟ್ ಟೇಬಲ್ ತೆಗೆದುಕೊಳ್ಳಬೇಡಿ. ಐಪಿವಿ4 ಒಂದರಲ್ಲೇ 9 ಲಕ್ಷಕ್ಕೂ ಹೆಚ್ಚು ರೂಟ್‌ಗಳಿವೆ, ಅಂಥ ಬಹಳಷ್ಟು ಸ್ವಿಚ್‌ಗಳ ಟಿಕ್ಯಾಮ್‌ನಲ್ಲಿ (ಫ್ಲೋ ಇಡುವ ವಿಶೇಷ ಮೆಮೊರಿ) ಹಿಡಿಯುವುದು ಕೆಲವು ಸಾವಿರ ಫ್ಲೋ. ಡಿಫಾಲ್ಟ್ ರೂಟ್ ಜೊತೆಗೆ ಬೇಕಾದ ಕೆಲವನ್ನು ಮಾತ್ರ ಪ್ರಿಫಿಕ್ಸ್-ಲಿಸ್ಟ್‌ನಲ್ಲಿ ಒಳಗೆ ಬಿಡಿ.

———

ಮೂರನೇಪದರ:

ಮೂವರಿಗೂ ತುಂಬ ಧನ್ಯವಾದ. ಗ್ರೂಪ್ ಆಯ್ಕೆ ತೆಗೆದ ಕೂಡಲೇ ಫ್ಲೋಗಳು ಇಳಿದವು, ಐಪರ್ಫ್ 9 ಗಿಗಾಬಿಟ್ ದಾಟಿದೆ. ಎಂಟಿಯು ಎಲ್ಲ ಕಡೆ 1500 ಮಾಡಿದೆ, ಎಸ್3 ಫುಲ್ ಆಯಿತು. ಟಿಎಕ್ಸ್ ಆಫ್ ಮಾಡಿದ ಮೇಲೆ ಬಿಜಿಪಿ ಎದ್ದಿತು. ಎರಡು ಟೇಬಲ್‌ಗಳ ವಿನ್ಯಾಸ, ಮೀಟರ್, ಸೆಕ್ಯೂರ್ ಮೋಡ್ ಹಾಕಿದೆ, ಐಪಿ-ಫಾರ್ವರ್ಡ್ 1 ಇದೆ.

ಹೊಸದಾಗಿ ಎರಡು ಕಂಡಿವೆ. ಮೊದಲು ಟ್ರೇಸ್‌ರೌಟ್‌ನಲ್ಲಿ (ದಾರಿಯ ರೂಟರ್‌ಗಳನ್ನು ತೋರಿಸುವ ಕಮಾಂಡ್) ಎಸ್1, ಎಸ್2 ಎರಡೂ ಕಾಣುತ್ತಿದ್ದವು, ಈಗ ಅಲ್ಲಿ ಉತ್ತರವಿಲ್ಲವೆಂಬ ನಕ್ಷತ್ರ (*) ಮಾತ್ರ. ಇನ್ನೊಂದು, ಓಎಸ್‌ಪಿಎಫ್ ಕಾಸ್ಟ್ ಬದಲಿಸಿ ದಾರಿ ತಿರುಗಿಸಿದಾಗ, ಎರಡೂ ಲಿಂಕ್ ಎದ್ದಿದ್ದರೂ ಒಂದಷ್ಟು ಪ್ಯಾಕೆಟ್ ಕಳೆದುಹೋಗುತ್ತವೆ.

———

ತಂತಿಗಾರ:

ಐಪಿ-ಫಾರ್ವರ್ಡ್ ವಿಷಯದಲ್ಲಿ ಪ್ಯಾಕೆಟ್‌ಪಯಣ ಅವರು ಹೇಳಿದ್ದೇ ಸರಿ, ನಿಮ್ಮ ಟ್ರೇಸ್‌ರೌಟ್‌ಗೂ ಅದು ಬೇಕು.

ಮೊದಲು ನಿಮಗೆ ಎಸ್1, ಎಸ್2 ಕಂಡದ್ದು ಕರ್ನಲ್ ರೂಟ್ ಮಾಡುತ್ತಿದ್ದುದರಿಂದ. ಈಗ ಟಿಟಿಎಲ್ ಇಳಿಸುವುದು ಓಪನ್ ವಿಸ್ವಿಚ್. ಟಿಟಿಎಲ್ 1 ಆಗಿ ಬಂದ ಪ್ಯಾಕೆಟ್‌ನಲ್ಲಿ ಆ ಕ್ರಿಯೆ ಅಲ್ಲಿಗೇ ನಿಂತುಬಿಡುತ್ತದೆ. ಕಂಟ್ರೋಲರ್ "ಟಿಟಿಎಲ್ ಮುಗಿದದ್ದು ನನಗೆ ಕಳಿಸು" ಎಂದು ಮೊದಲೇ ಕೇಳಿಕೊಂಡಿದ್ದರೆ ಅದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಬಿದ್ದುಹೋಗುತ್ತದೆ. ಕಂಟ್ರೋಲರ್‌ನಲ್ಲಿ ಐಸಿಎಂಪಿ ಕಟ್ಟುವ ತಾಪತ್ರಯ ಬೇಡ. ಓಪನ್‌ಫ್ಲೋ 1.3ರಲ್ಲಿ ಟಿಟಿಎಲ್ ಮ್ಯಾಚ್ ಇಲ್ಲದಿದ್ದರೂ ಓಪನ್ ವಿಸ್ವಿಚ್‌ನ ಸ್ವಂತ ವಿಸ್ತರಣೆಯಲ್ಲಿ ಎನ್‌ಡಬ್ಲ್ಯು-ಟಿಟಿಎಲ್ ಇದೆ. ಟೇಬಲ್ 0ರಲ್ಲಿ ಪ್ರಯಾರಿಟಿ 30000, ಪ್ರತಿ ಫಿಸಿಕಲ್ ಪೋರ್ಟ್‌ಗೆ ಒಂದು: ಐಪಿ, ಟಿಟಿಎಲ್ 1, ಅದೇ ಮೀಟರ್ ದಾಟಿ ಆ ಪೋರ್ಟ್‌ನ ವೆತ್‌ಗೆ. ಕರ್ನಲ್ ತಾನೇ ಉತ್ತರ ಕೊಡುತ್ತದೆ, ಡಿಫಾಲ್ಟ್‌ನಲ್ಲಿ ಮೂಲ ವಿಳಾಸ ಉತ್ತರ ಹೊರಡುವ ಇಂಟರ್‌ಫೇಸ್‌ನದು. ವಾಪಸ್ ದಾರಿ ಬೇರೆ ಪೋರ್ಟ್‌ನಿಂದ ಇದ್ದರೆ ಆರ್‌ಪಿ-ಫಿಲ್ಟರ್ (ಮೂಲ ವಿಳಾಸಕ್ಕೆ ವಾಪಸ್ ದಾರಿ ಪರೀಕ್ಷಿಸುವ ಕರ್ನಲ್ ಸೆಟ್ಟಿಂಗ್) ಅಡ್ಡ ಬರಬಹುದು, 2ಕ್ಕೆ ಇಡಿ. "ಆಲ್" ಮತ್ತು ಇಂಟರ್‌ಫೇಸ್ ಎರಡರಲ್ಲಿ ದೊಡ್ಡ ಮೌಲ್ಯವೇ ಜಾರಿಗೆ ಬರುವುದು ಎಂಬುದು ನೆನಪಿರಲಿ.

ಎರಡನೆಯದು ಮತ್ತೆ ಎಫ್‌ಪಿಎಂ. ನಿಮ್ಮ ಆವೃತ್ತಿಯಲ್ಲಿ ರೂಟ್ ಬದಲಾದಾಗ ಜೀಬ್ರಾ "ಬದಲಿಸು" ಎಂದು ಹೇಳುವುದಿಲ್ಲ. ಮೊದಲು ಹಳೆಯದರ ಡೆಲ್‌ರೂಟ್, ಹಿಂದೆಯೇ ಹೊಸದರ ನ್ಯೂರೂಟ್ ಕಳಿಸುತ್ತದೆ. ಆ್ಯಪ್ ಡೆಲ್‌ರೂಟ್ ಕಂಡ ಕೂಡಲೇ ಫ್ಲೋ ಅಳಿಸಿದರೆ, ಹೊಸದು ಇಳಿಯುವವರೆಗೆ 10 ಗಿಗಾಬಿಟ್ ಸಂಚಾರ ಸೆಕೆಂಡಿಗೆ 1000 ಪ್ಯಾಕೆಟ್‌ನ ಮೀಟರ್ ಮೇಲೆ ಬೀಳುತ್ತದೆ. ಡೆಲ್‌ರೂಟ್ ಬಂದಾಗ ಅಳಿಸದೆ 200 ಮಿಲಿಸೆಕೆಂಡ್‌ನ ಟೈಮರ್ ಹಚ್ಚಿ. ಅಷ್ಟರೊಳಗೆ ಅದೇ ಪ್ರಿಫಿಕ್ಸ್‌ಗೆ ನ್ಯೂರೂಟ್ ಬಂದರೆ ಟೈಮರ್ ಕಿತ್ತು, ಅದೇ ಮ್ಯಾಚ್, ಅದೇ ಪ್ರಯಾರಿಟಿಯಲ್ಲಿ ಫ್ಲೋ ಆ್ಯಡ್ ಮಾಡಿ. ಓಪನ್‌ಫ್ಲೋನಲ್ಲಿ ಹಾಗೆ ಆ್ಯಡ್ ಮಾಡಿದರೆ ಹಳೆಯ ಸಾಲಿನ ಜಾಗಕ್ಕೆ ಹೊಸದು ಬರುತ್ತದೆ, ನಡುವೆ ತೆರಪು ಇರುವುದಿಲ್ಲ.

ಅದೇ ಕೋಡ್‌ನಲ್ಲಿ ಕೈಯಿಟ್ಟಿರುವಾಗಲೇ ಇದನ್ನೂ ಮುಗಿಸಿ. ಕಂಟ್ರೋಲರ್ ರೀಸ್ಟಾರ್ಟ್ ಆಗಿ ಎಫ್‌ಪಿಎಂ ಸಂಪರ್ಕ ಮತ್ತೆ ಕೂಡಿದಾಗ ಜೀಬ್ರಾ ಎಲ್ಲ ರೂಟ್‌ಗಳನ್ನೂ ಮೊದಲಿಂದ ಕಳಿಸುತ್ತದೆ, ಆದರೆ ನೀವು ಇಲ್ಲದಾಗ ಸತ್ತ ರೂಟ್‌ಗಳ ಡೆಲ್‌ರೂಟ್ ಕಳಿಸುವುದಿಲ್ಲ. ಸೆಕ್ಯೂರ್ ಮೋಡ್‌ನಲ್ಲಿ ಆ ಫ್ಲೋಗಳು ಸ್ವಿಚ್‌ನಲ್ಲೇ ಕೂತಿರುತ್ತವೆ. ಪ್ರತಿ ಓಟಕ್ಕೂ ಫ್ಲೋಗಳ ಕುಕೀ (ಗುರುತು) ಸಂಖ್ಯೆ ಒಂದು ಹೆಚ್ಚಿಸಿ, ಪೂರ್ತಿ ಟೇಬಲ್ ಬಂದು ಮುಗಿದು 30 ಸೆಕೆಂಡ್ ಆದ ಮೇಲೆ ಟೇಬಲ್ 1ರಲ್ಲಿ ಹಿಂದಿನ ಕುಕೀ ಇರುವ ಫ್ಲೋಗಳನ್ನು ಅಳಿಸಿ. ಕೈಯಿಂದ ಹಾಕಿದ ಟಿಟಿಎಲ್ ಫ್ಲೋಗಳಿಗೆ ಬೇರೆಯೇ ಕುಕೀ ಕೊಡಿ, ಗುಡಿಸುವಾಗ ಅವು ಹೋಗಬಾರದು.